ಮೂರು ಬುಧವಾರ

ಫೆಬ್ರವರಿ 11

ಅಕ್ಕಾ,

ಹೆದರಬೇಡ, ಈ ಕಾಗದವನ್ನು ಯಾರೂ ಒಡೆದು ಓದಿರುವುದಿಲ್ಲ. ಅಂಚೆಗೆ ಹಾಕಿದರೆ ಇಲ್ಲಿಯ ಕಚೇರಿಯವರು ಓದಿಯೇ ಕಳಿಸುತ್ತಾರೆ. ವಕೀಲಮ್ಮನ ಚೀಲದಲ್ಲಿ ಹೋಗುವುದನ್ನು ಮುಟ್ಟುವಂತಿಲ್ಲವಂತೆ. ಅವರು ತಿಂಗಳಿಗೊಮ್ಮೆ ಬರುತ್ತಾರೆ. ನೀನೂ ಉತ್ತರವನ್ನು ಅವರ ಕೈಗೇ ಕೊಡು.

ನಿನ್ನೆ ತೀರ್ಪು ಬಂತು. ಮೂರು ವರ್ಷ. ತಪ್ಪೊಪ್ಪಿಕೊಂಡಿದ್ದಕ್ಕೆ ಇಷ್ಟಕ್ಕೇ ನಿಂತಿತಂತೆ. ಒಪ್ಪಿಕೊಳ್ಳದೆ ಇನ್ನೇನು ಮಾಡಲಿ, ಗುಜರಿ ಅಂಗಡಿಯವನು ಬೆರಳು ಮಾಡಿ ನನ್ನನ್ನೇ ತೋರಿಸಿದ. ನೀನು ನಾಯಿ ನೋಡಿಕೊಳ್ಳುವ ಗೋದಾಮಿನ ತಾಮ್ರದ ತಂತಿ ಅವನ ಹಿತ್ತಲಲ್ಲೇ ಸಿಕ್ಕಿತು.

ನಿನಗೆ ಹೇಳಬೇಕಾದದ್ದು ಬೇರೆ ಇದೆ. ನಾನು ನಿನ್ನ ಕಣ್ಣಿಗೆ ಮಣ್ಣೆರಚಿದೆ. ನಾಲ್ಕು ವರ್ಷ ಮುಖ ತೋರಿಸದವನು ಒಂದು ಬುಧವಾರ ಮಧ್ಯಾಹ್ನ ಬಂದು, 'ನಿಮ್ಮ ಗೋದಾಮಲ್ಲೇ ಕಾವಲು ಕೆಲಸ ಸಿಕ್ಕಿದೆ ಅಕ್ಕಾ, ಮುಂದಿನ ತಿಂಗಳಿಂದ ಬಾ ಅಂದಿದ್ದಾರೆ' ಎಂದೆ. ನೀನು ನಂಬಿದೆ. ಹೊಸ ಕಾವಲುಗಾರ ಬರುವ ಮುಂಚೆ ಅವನು ತೊಟ್ಟು ಬಿಟ್ಟ ಅಂಗಿಯನ್ನು ಒಗೆಯದೆ ನಾಯಿಗಳು ಮಲಗುವ ಕಡೆ ಹಾಸುತ್ತೀರಿ, ಆ ವಾಸನೆಯ ಜೊತೆ ಮಲಗಿ ಎದ್ದ ನಾಯಿಗಳು ಅವನನ್ನು ಮನೆಯವನೆಂದೇ ತಿಳಿಯುತ್ತವೆ. ಇದನ್ನು ನೀನೇ ಯಾವಾಗಲೋ ನಗುತ್ತಾ ಹೇಳಿದ್ದೆ. ನಾನು ಮರೆತಿರಲಿಲ್ಲ. ವಾರಕ್ಕೊಂದರಂತೆ ಮೂರು ಅಂಗಿ ಬೇಕು ಎಂದು ನೀನೇ ಹೇಳಿದೆ. ಮೂರು ಬುಧವಾರ ಬಂದೆ, ಒಂದೊಂದು ಅಂಗಿ ಬಿಚ್ಚಿಕೊಟ್ಟೆ, ಊಟ ಮಾಡಿ ಹೋದೆ. ಆಮೇಲಿನ ಭಾನುವಾರ, ಗೋದಾಮಿಗೆ ರಜೆ ಇದ್ದ ಮಧ್ಯಾಹ್ನ, ಹಿಂದಿನ ಗೋಡೆ ಹಾರಿದರೆ ನಿನ್ನ ಮೂರು ನಾಯಿಗಳೂ ಓಡಿ ಬಂದು ಕೈ ನೆಕ್ಕಿದವು. ದೊರೆ ಅಂತೂ ತಂತಿಯ ಸುರುಳಿ ಹೊರುವಾಗ ಪ್ರತಿ ಸಲವೂ ಗೋಡೆಯವರೆಗೆ ಬಂದು ಬೀಳ್ಕೊಟ್ಟ.

ಸಾಕಿ ಬೆಳೆಸಿದವಳಿಗೆ ಹೀಗೆ ಮಾಡಿದೆ. ಅಮ್ಮ ಸತ್ತಾಗ ನನಗೆ ಆರು, ನಿನಗೆ ಹದಿನೇಳು. ಇದನ್ನೆಲ್ಲ ನೆನೆಸಿಕೊಂಡರೆ ತಲೆ ಎತ್ತಲಾಗುವುದಿಲ್ಲ. ಆದರೆ ಒಂದು ಕೆಲಸ ಸರಿಯಾಗಿ ಮಾಡಿದ್ದೇನೆ. ನಾಲ್ಕು ವರ್ಷದಿಂದ ಅಕ್ಕನ ಮನೆ ಮೆಟ್ಟಿಲು ಹತ್ತಿಲ್ಲ ಎಂದು ಪೊಲೀಸರ ಮುಂದೆ ಹಟ ಹಿಡಿದು ಕೂತೆ. ನೀನೂ ಅದನ್ನೇ ಹೇಳಿದೆಯಂತೆ. ನನ್ನನ್ನು ಉಳಿಸಲು ಸುಳ್ಳು ಹೇಳಿದೆಯಲ್ಲ, ನನಗೆ ಅಷ್ಟು ಸಾಕು.

ಇಲ್ಲಿ ಗೋಣಿಚೀಲ ಹೊಲಿಯುವ ಕೆಲಸ ಕೊಟ್ಟಿದ್ದಾರೆ. ನನ್ನ ಹೊಲಿಗೆ ನೋಡಿದರೆ ನೀನು ತಲೆಗೆ ಮೊಟಕುತ್ತಿದ್ದೆ.

ನಿನ್ನ ಮೊದ್ದು


ಮಾರ್ಚ್ 4

ಮೊದ್ದೂ,

ಕಾಗದ ಮುಟ್ಟಿತು. ವಕೀಲಮ್ಮ ಮೆಟ್ಟಿಲು ಹತ್ತಿ ಬಂದು ಕೊಟ್ಟುಹೋದರು. ಕೂರಿ ಅಂದರೆ ಕೂರಲಿಲ್ಲ, ಕೆಳಗೆ ಟೈರ್ ಅಂಗಡಿಯವನು ಗಾಳಿ ಹೊಡೆಯುವ ಯಂತ್ರ ಹಚ್ಚಿದ್ದ, ಮಾತೂ ಕೇಳುತ್ತಿರಲಿಲ್ಲ.

ಆದದ್ದು ಆಯಿತು, ಅದನ್ನೇ ಕೆದಕಬೇಡ. ನೀನು ಮೋಸ ಮಾಡಿದೆ ಎಂದು ನಾನು ಎದೆ ಬಡಿದುಕೊಂಡು ಕೂತಿಲ್ಲ. ಊಟ ಹೊಟ್ಟೆ ತುಂಬ ಕೊಡುತ್ತಾರಾ, ಅದನ್ನು ಬರೆ. ನಿನಗೆ ಚಳಿಗೆ ಕೆಮ್ಮು ಬರುತ್ತದೆ. ಹೊದಿಕೆ ಎರಡು ಕೇಳು, ಕೇಳಿದರೆ ಬಾಯಿ ಸವೆಯುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಬೆಳಗ್ಗೆ ಆರಕ್ಕೆ ನಾಯಿಮನೆ ತೊಳೆಯುವುದು, ಏಳಕ್ಕೆ ಊಟ ಹಾಕುವುದು, ಮೈ ಬಾಚುವುದು, ಅಂಗಳದಲ್ಲಿ ಓಡಿಸುವುದು. ಎಲ್ಲರೂ ಇನ್ನೂ 'ನಾಯಿಯಮ್ಮ' ಎಂದೇ ಕರೆಯುತ್ತಾರೆ, ಆದರೆ ಮೊದಲಿನಂತೆ ನಿಂತು ಮಾತಾಡುವುದಿಲ್ಲ. ಕಳ್ಳನ ಅಕ್ಕ ಅಲ್ಲವೇ. ಮ್ಯಾನೇಜರ್ ಮಾತ್ರ, 'ಹದಿನಾರು ವರ್ಷದಿಂದ ನೋಡ್ತಿದ್ದೀನಿ, ನಿಮ್ಮ ತಪ್ಪೇನಿದೆ ಇದ್ರಲ್ಲಿ' ಎಂದು ಎರಡು ಸಲ ಹೇಳಿದರು. ಅವರು ಹಾಗೆ ಹೇಳದಿದ್ದರೇ ಚೆನ್ನಾಗಿತ್ತು.

ಗೇಟಿನ ತಾತನನ್ನು ಹಿಡಿದುಕೊಂಡು ಹೋದರು, ನಿನಗೆ ಗೊತ್ತಿರಬೇಕು. ಇಪ್ಪತ್ತೆರಡು ವರ್ಷ ಆ ಗೇಟಿನಲ್ಲಿ ಕೂತವರು. ಒಳಗಿನವರು ಯಾರೋ ನಾಯಿಗಳನ್ನು ಒಲಿಸಿಟ್ಟಿದ್ದಾರೆ, ಇಲ್ಲದಿದ್ದರೆ ಬೊಗಳದೆ ಇರುತ್ತಿರಲಿಲ್ಲ ಎಂದು ಪೊಲೀಸರ ಲೆಕ್ಕ. ಮೂರು ಗಂಟೆಗೆ ಅಂಗಳ ಸುತ್ತಿ ಬಂದೆ ಎಂದು ತಾತ ಪುಸ್ತಕದಲ್ಲಿ ಬರೆದಿದ್ದರು. ನಿಜಕ್ಕೂ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಆ ಒಂದು ಸುಳ್ಳು ಅವರ ಕೊರಳಿಗೆ ಬಿತ್ತು. ಕರೆದು ಕೇಳಿದಾಗ ನಾನೂ ಏನೋ ಒಂದು ಹೇಳಿದೆ.

ಈಗಲೂ ಅರ್ಧ ಡಜನ್ ಮೊಟ್ಟೆ ತರುತ್ತೇನೆ, ಅದೇ ರೂಢಿ. ಕೊನೆಯ ಎರಡು ಯಾವಾಗಲೂ ಹಾಳಾಗುತ್ತವೆ.

ಅಕ್ಕ


ಮಾರ್ಚ್ 27

ಅಕ್ಕಾ,

ಗೇಟಿನ ತಾತ ನಮ್ಮ ಸಾಲಿಗೇ ಬಂದಿದ್ದಾರೆ. ಜಾಮೀನಿಗೆ ನಿಲ್ಲುವವರು ಯಾರೂ ಇಲ್ಲವಂತೆ. ಇದ್ದ ಕೋಣೆಯೂ ಗೇಟಿನದ್ದೇ, ಕೆಲಸದ ಜೊತೆ ಅದೂ ಹೋಯಿತು.

ನೋಡಿದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಬೆಳಗ್ಗೆ ಎದ್ದು ಹೊದಿಕೆಯನ್ನು ಚೌಕವಾಗಿ ಮಡಿಸಿ, ನಮ್ಮ ಸಾಲಿನ ಬಾಗಿಲ ಪಕ್ಕ ನೆಟ್ಟಗೆ ನಿಲ್ಲುತ್ತಾರೆ. ಬಂದವರನ್ನೆಲ್ಲ 'ಯಾರನ್ನ ನೋಡ್ಬೇಕಿತ್ತು?' ಎಂದು ಕೇಳುತ್ತಾರೆ. ಮೊನ್ನೆ ಜೈಲಿನ ಅಧಿಕಾರಿಯನ್ನೇ ಕೇಳಿದರು. ಅವರೂ ಪಾಪ, 'ನಿಮ್ಮನ್ನೇ ನೋಡೋಕೆ ಬಂದೆ ತಾತ' ಎಂದು ಹೋದರು.

ನಾನು ಯಾರೆಂದು ಅವರಿಗೆ ಗೊತ್ತು. ಮೂರು ದಿನ ಮಾತಾಡಿಸಲಿಲ್ಲ. ನಾಲ್ಕನೆಯ ದಿನ ನಲ್ಲಿಯ ಹತ್ತಿರ ಹಿಡಿದರು. 'ನೀನು ಕದ್ದಿದ್ದು, ಅದು ನಿಂದು. ನಾನೇನೂ ಅನ್ನಲ್ಲ. ಒಂದು ಹೇಳು ಮಗಾ, ನಾಯಿಗಳು ಯಾಕೆ ಬೊಗಳ್ಲಿಲ್ಲ?'

'ಗೊತ್ತಿಲ್ಲ ತಾತ' ಎಂದೆ.

'ನಾನು ನಿದ್ದೆ ಮಾಡ್ತಿದ್ದೆ, ಸುಳ್ಳಲ್ಲ. ಆದ್ರೆ ಅವು ಬೊಗಳಿದ್ರೆ ಏಳ್ತಿದ್ದೆ. ಕಿವಿ ಮಂದ, ಆದ್ರೂ ದೊರೆ ಬೊಗಳಿದ್ರೆ ಕುರ್ಚಿ ಅಲ್ಲಾಡತ್ತೆ' ಎಂದರು. ದಿನಾ ಇದೇ. ಉಣ್ಣುವಾಗ ಇದೇ, ಚೀಲ ಹೊಲಿಯುವಾಗ ಇದೇ.

ಅವರ ಮೇಲೆ ಕೇಸು ಹಾಕಿದ್ದು ಬ್ರೆಡ್ಡಿನ ಮೇಲಂತೆ. ನಾಯಿಗಳಿಗೆ ಬ್ರೆಡ್ ಹಾಕಿ ಪಳಗಿಸಿದರು ಎಂದು. 'ನಾಯಿಯಮ್ಮ ಹಾಗೆ ಹೇಳಿದ್ರಂತೆ' ಎಂದರು ತಾತ. ನೀನು ಏನು ಹೇಳಿದೆ ಅಕ್ಕಾ?

ವಕೀಲಮ್ಮನನ್ನು, ಯಾರದೋ ಕಥೆ ಎನ್ನುವ ಹಾಗೆ, ಕೇಳಿ ನೋಡಿದೆ. ಅಪರಾಧಕ್ಕೆ ಸಹಾಯ ಮಾಡಿದವರೂ, ಹೋಗು ಮಾಡು ಎಂದು ಹುರಿದುಂಬಿಸಿದವರೂ ಮಾಡಿದವನಷ್ಟೇ ಹೊಣೆಯಂತೆ. ಆದರೆ ಗೊತ್ತಿದ್ದು ಮಾಡಿರಬೇಕು. ಏನು ನಡೆಯುತ್ತದೆ ಎಂದು ತಿಳಿಯದೆ ಕೈ ಕೊಟ್ಟವರನ್ನು ಕಾನೂನು ಮುಟ್ಟುವುದಿಲ್ಲವಂತೆ. ಅದನ್ನು ಕೇಳಿ ನಾನು ಎಷ್ಟೋ ದಿನದ ಮೇಲೆ ಚೆನ್ನಾಗಿ ಉಂಡೆ.

ಮೊದ್ದು


ಏಪ್ರಿಲ್ 22

ಮೊದ್ದೂ,

ಪೊಲೀಸರು ನನ್ನನ್ನು ಮ್ಯಾನೇಜರ್ ಕೋಣೆಯಲ್ಲಿ ಕೂರಿಸಿಕೊಂಡು ಎರಡು ದಿನ ಕೇಳಿದರು. ನಿನ್ನ ಬಗ್ಗೆ ಕೇಳಿ ಸಾಕಾದ ಮೇಲೆ, ನಾಯಿ ಯಾಕೆ ಬೊಗಳಲಿಲ್ಲ ಎಂದು ಶುರು ಮಾಡಿದರು. ಐದು ಸಲ ಕೇಳಿದರು. 'ಹೊಟ್ಟೆ ತುಂಬಿದ ನಾಯಿ ಬೊಗಳೋದು ಕಮ್ಮಿ ಸಾರ್' ಎಂದೆ. ನೀವಲ್ಲದೆ ಬೇರೆ ಯಾರು ಹಾಕುತ್ತಾರೆ ಎಂದರು. 'ತಾತ ಬ್ರೆಡ್ ಹಾಕ್ತಾರೆ' ಎಂದೆ. ಅದು ಸುಳ್ಳಲ್ಲ. ದಿನವೂ ಹಾಕುತ್ತಿದ್ದರು, ಅಂಚಿನ ತುಂಡುಗಳನ್ನು. ಹಲ್ಲಿಲ್ಲ, ತಿನ್ನಲಾಗುವುದಿಲ್ಲ ಎಂದು. ಬರೆದುಕೊಳ್ಳುತ್ತಿದ್ದವನು ತಲೆ ಎತ್ತಿ ಇನ್ನೊಬ್ಬನ ಮುಖ ನೋಡಿದ. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ನೀನು ತಾತನಿಗೆ, ನಾಯಿಗಳಿಗೆ ಆ ದಿನ ಮೈ ಸರಿ ಇರಲಿಲ್ಲ ಎಂದು ಹೇಳಿಬಿಡು. ಬರೀ ಅವರ ಸುದ್ದಿಯನ್ನೇ ಬರೆಯುವುದಾದರೆ ನನಗೆ ಬರೆಯಬೇಡ. ನಿನ್ನ ಕೆಮ್ಮು, ಹೊದಿಕೆಯ ಬಗ್ಗೆ ಬರೆದಿದ್ದೆ, ಉತ್ತರವೇ ಇಲ್ಲ.

ಅಕ್ಕ


ಜೂನ್ 3

ಅಕ್ಕಾ,

ಸಿಟ್ಟು ಬಂತೇನೋ ಎಂದು ಹೋದ ತಿಂಗಳು ಬರೆಯಲಿಲ್ಲ. ಕೆಮ್ಮು ಇಲ್ಲ. ಹೊದಿಕೆ ಎರಡಿವೆ. ಒಂದನ್ನು ತಾತನಿಗೆ ಕೊಟ್ಟೆ.

ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ತೀರ್ಪಿಗೆ ಮುಂಚೆಯೇ ಸರ್ಕಾರಿ ವಕೀಲ ಬಂದಿದ್ದ. ನಾಯಿಗಳನ್ನು ಯಾರು ಒಲಿಸಿದರು ಎಂದು ಹೇಳಿದರೆ ಒಂದು ವರ್ಷ ಕಡಿಮೆ ಎಂದ. ನಾನು ಬಾಯಿಗೆ ಬೀಗ ಹಾಕಿಕೊಂಡೆ. ನಿನ್ನ ಹೆಸರು ಎತ್ತಿದರೆ ಸುಮ್ಮನೆ ನಿನ್ನನ್ನು ಎಳೆದಾಡುತ್ತಾರೆ ಎಂದು. ಜೀವನದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು ಎಂದುಕೊಂಡು ಇಷ್ಟು ದಿನ ಕಳೆದೆ.

ಈಗ ಬೇರೆ ದಾರಿ ಹೊಳೆದಿದೆ. ಎಷ್ಟು ಸುಲಭ ಇದೆ ನೋಡು. ತಾತನ ಕೇಸಿಗೆ ನಿನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ಆಗ ನೀನು ನಡೆದದ್ದನ್ನು ನಡೆದ ಹಾಗೆ ಹೇಳಿಬಿಡು. ತಮ್ಮ ಬಂದ, ಕಾವಲು ಕೆಲಸ ಸಿಕ್ಕಿತು ಎಂದು ಸುಳ್ಳು ಹೇಳಿದ, ನಂಬಿ ಅಂಗಿ ಹಾಸಿದೆ, ಕಳ್ಳತನ ಆದ ಮೇಲೆ ಹೆದರಿ ಬಾಯಿ ಬಿಡಲಿಲ್ಲ. ತಾತ ಹೊರಗೆ ಹೋಗುತ್ತಾರೆ. ನಿನಗೆ ಗೊತ್ತಿರಲಿಲ್ಲವಾದ್ದರಿಂದ ನಿನಗೂ ಏನೂ ಆಗುವುದಿಲ್ಲ. ಪೊಲೀಸರಿಗೆ ಸುಳ್ಳು ಹೇಳಿದ್ದಕ್ಕೆ ನನಗೆ ಇನ್ನಾರು ತಿಂಗಳು ಸೇರಿದರೆ ಸೇರಲಿ, ಚೀಲ ಹೊಲಿಯುವುದಕ್ಕೆ ಕೈ ಕುದುರಿದೆ. 'ಗೊತ್ತಿರಲಿಲ್ಲ' ಎನ್ನುವ ಒಂದು ಮಾತು, ಅದೂ ನಿಜವಾದ ಮಾತು.

ಮೂರು ತಿಂಗಳಿಂದ ತಲೆ ಕೆಡಿಸಿಕೊಂಡವನಿಗೆ ಇದು ಮೊದಲೇ ಏಕೆ ಹೊಳೆಯಲಿಲ್ಲವೋ. ನೀನು ಇಟ್ಟ ಹೆಸರು ಸುಮ್ಮನೆ ಅಲ್ಲ.

ಮೊದ್ದು


ಜುಲೈ 19

ಮೊದ್ದೂ,

ಹೋದ ತಿಂಗಳು ವಕೀಲಮ್ಮ ಬಂದಾಗ ನಾನು ಮನೆಯಲ್ಲಿರಲಿಲ್ಲ. ಅಲ್ಲ, ಇದ್ದೆ, ಬಾಗಿಲು ತೆಗೆಯಲಿಲ್ಲ. ನಿನ್ನ ಕಾಗದವನ್ನು ಬಾಗಿಲ ಕೆಳಗಿಂದ ತಳ್ಳಿ ಹೋದರು. ಅವರಿಗೆ ಹೇಳಬೇಡ.

ಕೋರ್ಟಿನಿಂದ ಸಮನ್ಸ್ ಬಂದಿದೆ. ಸೆಪ್ಟೆಂಬರ್ 9, ಬೆಳಗ್ಗೆ ಹತ್ತೂವರೆ. ಮೇಜಿನ ಮೇಲೆ ಇಟ್ಟಿದ್ದೇನೆ, ಊಟದ ತಟ್ಟೆ ಇಡುವಾಗ ಪಕ್ಕಕ್ಕೆ ಸರಿಸುತ್ತೇನೆ, ಆಮೇಲೆ ಮತ್ತೆ ಅಲ್ಲೇ ಇಡುತ್ತೇನೆ.

ನೀನು ಹೇಳಿದ್ದನ್ನು ಯೋಚಿಸುತ್ತಿದ್ದೇನೆ. ನೀನು ಅಂದುಕೊಂಡಷ್ಟು ಸುಲಭವಿಲ್ಲ. ಯಾಕೆ ಎಂದು ಕೇಳಬೇಡ. ನಮ್ಮ ಬಿಳಿಕಾಲು ನಾಯಿಗೆ ಕಿವಿ ಸೋರುತ್ತಿದೆ, ದಿನಕ್ಕೆ ಮೂರು ಸಲ ಔಷಧಿ ಬಿಡಬೇಕು.

ಅಕ್ಕ


ಆಗಸ್ಟ್ 8

ಅಕ್ಕಾ,

ಯಾಕೆ ಎಂದು ಕೇಳಬೇಡ ಎಂದೆ. ಕೇಳುತ್ತೇನೆ. ಕೆಲಸ ಹೋಗುತ್ತದೆ ಎಂದು ಹೆದರಿಕೆಯಾ? ಮ್ಯಾನೇಜರ್ ಮುಂದೆ ತಲೆ ತಗ್ಗಿಸಬೇಕು ಎಂದಾ? ನಾನು ನಿನ್ನನ್ನು ಹೀಗೆ ಅಂದುಕೊಂಡಿರಲಿಲ್ಲ. ಶಾಲೆಯಲ್ಲಿ ನಾನು ಪಕ್ಕದವನ ಬಣ್ಣದ ಪೆನ್ಸಿಲ್ ತಂದಾಗ ಕಿವಿ ಹಿಡಿದು ಅವರ ಮನೆಯವರೆಗೆ ನಡೆಸಿಕೊಂಡು ಹೋದವಳು ನೀನು.

ತಾತನ ಸುದ್ದಿ ಬರೆಯಬೇಡ ಎಂದಿದ್ದೆ. ಬರೆಯುತ್ತೇನೆ, ಬೇಕಾದರೆ ಹರಿದು ಹಾಕು. ಹೋದ ವಾರ ನನ್ನ ಪಕ್ಕ ಕೂತು ಹೊಲಿಯುತ್ತಿದ್ದವರು ಸೂಜಿ ನಿಲ್ಲಿಸಿ ಹೇಳಿದರು. 'ನನಗೆ ಗೊತ್ತಾಯ್ತು ಮಗಾ. ನಾನೇ ಕೆಡಿಸಿದ್ದು. ದಿನಾ ಬ್ರೆಡ್ ತಿಂದು ತಿಂದು ಅವಕ್ಕೆ ಎಲ್ರೂ ಒಳ್ಳೆಯವ್ರು ಅನ್ನಿಸ್ಬಿಟ್ಟಿದೆ. ನಾಯಿಯಮ್ಮ ತಿಳಿದವ್ರು, ಸುಮ್ನೆ ಹೇಳಲ್ಲ.'

'ಹಾಗಲ್ಲ ತಾತ' ಎಂದೆ.

'ಹಾಗೇ. ಒಪ್ಕೊಂಡ್ಬಿಡ್ತೀನಿ. ಕೋರ್ಟಲ್ಲಿ ಎಲ್ರಿಗೂ ತೊಂದ್ರೆ ತಪ್ಪುತ್ತೆ.'

ಆವತ್ತಿನಿಂದ ಬಾಗಿಲ ಹತ್ತಿರ ನಿಲ್ಲುವುದನ್ನು ಬಿಟ್ಟಿದ್ದಾರೆ. ತಟ್ಟೆಯಲ್ಲಿ ಬ್ರೆಡ್ ಬಂದರೆ ಮುಟ್ಟುವುದಿಲ್ಲ. ಯಾರಾದರೂ ಒಳಗೆ ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ.

ನಾನು ಕಳ್ಳ. ನನ್ನ ಮಾತನ್ನು ಯಾರೂ ನಂಬುವುದಿಲ್ಲ. ನೀನು ಹೇಳಿದರೆ ನಂಬುತ್ತಾರೆ. ನಿನಗೆ ಹೋಗುವುದು ಒಂದು ಕೆಲಸ, ಅವರಿಗೆ ಹೋಗುವುದು ಉಳಿದ ಆಯುಷ್ಯ.

ತಮ್ಮ


ಆಗಸ್ಟ್ 29

ಮೊದ್ದೂ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಹೇಗಿದೆಯೋ ಹಾಗೆ ಕಳಿಸುತ್ತೇನೆ.

ಕೆಲಸ ಹೋಗುತ್ತದೆ ಎಂಬ ಹೆದರಿಕೆ ನನಗಿಲ್ಲ. ನಿನ್ನ ಉಪಾಯದಲ್ಲಿ ಒಂದು ಮಾತು ಸರಿಯಿಲ್ಲ. ನನಗೆ ಗೊತ್ತಿತ್ತು.

ನೀನು ಹೇಳಿದ ಕಾವಲು ಕೆಲಸದ ಕಥೆಯನ್ನು ನಾನು ಒಂದು ನಿಮಿಷವೂ ನಂಬಲಿಲ್ಲ. ಹೊಸಬರು ಬರುವುದಾದರೆ ಕಚೇರಿಯಿಂದ ಹಳದಿ ಚೀಟಿ ಬರುತ್ತದೆ, ಅದನ್ನು ನಾಯಿಮನೆಯ ಬಾಗಿಲಿಗೆ ಸಿಕ್ಕಿಸಿದ ಮೇಲೆಯೇ ಅಂಗಿ ಹಾಸುವುದು. ಹದಿನಾರು ವರ್ಷದಲ್ಲಿ ಚೀಟಿಯಿಲ್ಲದೆ ಹಾಸಿದ್ದು ನಿನ್ನದೊಂದೇ. ಅಷ್ಟೇ ಅಲ್ಲ. ಕೆಲಸ ಸಿಕ್ಕವನು ಸಂಬಳ ಎಷ್ಟು, ಪಾಳಿ ಯಾವುದು ಎಂದು ಹೇಳಿಕೊಂಡು ಕುಣಿಯುತ್ತಾನೆ. ನೀನು ಮೊಟ್ಟೆ ಸುಲಿಯುತ್ತಾ, ಹಿಂದಿನ ಗೋಡೆಯ ಹತ್ತಿರ ಗಾಡಿ ನಿಲ್ಲಿಸಲು ಜಾಗ ಇದೆಯಾ ಎಂದು ಕೇಳಿದೆ. ಮೂಲೆಯಲ್ಲಿ ಇಟ್ಟಿಗೆ ಬಿದ್ದು ಗೋಡೆ ತಗ್ಗಾಗಿದೆ ಎಂದು ಹೇಳಿದ್ದು ನಾನು. ಮರೆತೆಯಾ? ಸುಳ್ಳು ಹೇಳಲು ನಿನಗೆ ಎಂದೂ ಬರುತ್ತಿರಲಿಲ್ಲ. ಕಿವಿ ಕೆಂಪಾಗುತ್ತದೆ, ಪೆನ್ಸಿಲ್ ತಂದ ದಿನವೂ ಕೆಂಪಾಗಿತ್ತು. ಆ ದಿನ ಕಿವಿ ಹಿಡಿದೆ, ಈ ಸಲ ಇನ್ನೊಂದು ಮೊಟ್ಟೆ ಹಾಕಿದೆ.

ಇನ್ನೂ ಒಂದಿದೆ, ಅದನ್ನು ಬರೆಯಲು ಕೈ ಬರುತ್ತಿಲ್ಲ. ನಾಯಿಗಳಿಗೆ ಒಂದು ಅಂಗಿ ಸಾಕು, ಒಂದು ವಾರ ಸಾಕು. ಯಾವ ಕಾವಲುಗಾರನ ಹತ್ತಿರವೂ ಎರಡನೆಯದನ್ನು ಕೇಳಿದವಳಲ್ಲ ನಾನು. ನಿನಗೆ ಮೂರು ಬೇಕು ಎಂದೆ. ಎರಡನೆಯದೂ ಮೂರನೆಯದೂ ನಾಯಿಮನೆಗೆ ಹೋಗಲೇ ಇಲ್ಲ. ಇಲ್ಲೇ ಪೆಟ್ಟಿಗೆಯಲ್ಲಿವೆ, ಒಗೆದಿಲ್ಲ.

ಈ ಮೇಜಿಗೆ ಎರಡು ಕುರ್ಚಿಗಳಿವೆ. ನಾಲ್ಕು ವರ್ಷ ಎರಡನೆಯದರ ಮೇಲೆ ಒಗೆದ ಬಟ್ಟೆ ಪೇರಿಸಿಡುತ್ತಿದ್ದೆ, ಖಾಲಿ ಕಾಣದಿರಲಿ ಎಂದು. ಆ ಬುಧವಾರ ಬಟ್ಟೆಯನ್ನು ಎತ್ತಿ ಹಾಸಿಗೆಯ ಮೇಲೆ ಹಾಕಿ ನಿನಗೆ ಜಾಗ ಮಾಡಿದೆ. ಒಂದು ಸಾಕು ಎಂದು ನಾನು ಹೇಳಿದ್ದರೆ ನೀನು ಅಂಗಿ ಕೊಟ್ಟು ಎದ್ದು ಹೋಗುತ್ತಿದ್ದೆ, ಮತ್ತೆ ಬರುವುದು ಯಾವಾಗಲೋ. ಎರಡನೆಯ ಬುಧವಾರ ನೀನು ಉಂಡು ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋದೆ. ಕೆಳಗೆ ಟೈರ್ ಅಂಗಡಿಯವನು ಬಡಿಯಲು ಶುರು ಮಾಡಿದ. ಇಳಿದು ಹೋಗಿ, 'ಒಂದರ್ಧ ಗಂಟೆ ನಿಲ್ಲಿಸಪ್ಪಾ, ತಮ್ಮ ಮಲಗಿದ್ದಾನೆ' ಎಂದೆ. ಹಾಗೆ ಹೇಳುವಾಗ ನನಗೆ ಎಷ್ಟು ಹಿಗ್ಗಾಯಿತು ಎಂದರೆ, ಆಮೇಲೆ ಪೊಲೀಸರು ಆ ಅಂಗಡಿಯವನನ್ನು ಕೇಳಿದರೆ ಏನು ಗತಿ ಎಂದೂ ಹೊಳೆಯಲಿಲ್ಲ. ಅವನು ನನ್ನ ಪುಣ್ಯಕ್ಕೆ ಯಾರಿಗೂ ಹೇಳಲಿಲ್ಲ.

ಮೂರನೆಯ ಬುಧವಾರ ನಾನು ಬಾಗಿಲಲ್ಲಿ ನಿಂತು 'ಭಾನುವಾರ ಹುಷಾರು' ಎಂದೆ. ನೀನು ಭಾನುವಾರದ ಮಾತು ಎತ್ತಿಯೇ ಇರಲಿಲ್ಲ. ತಲೆಯಾಡಿಸಿ ಇಳಿದು ಹೋದೆ, ಗಮನಿಸಲೇ ಇಲ್ಲ.

ತಾತನ ಕಡೆ ಬೆರಳು ತೋರಿಸಿದ್ದೂ ನಾನೇ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದು. ಬಾಯಿಗೆ ಬಂದದ್ದು ಎಂದು ಹೇಳಿದರೆ ತಪ್ಪು ಸಣ್ಣದಾಗುವುದಿಲ್ಲ. ಅವರು ತಮ್ಮ ಮೇಲೇ ಅನುಮಾನಪಟ್ಟುಕೊಂಡು ಗೋಡೆಗೆ ತಿರುಗಿ ಮಲಗುತ್ತಾರೆ ಎಂದು ಓದಿದ ಮೇಲೆ ಮುಚ್ಚಿಡಲು ನನ್ನಿಂದ ಆಗಲಿಲ್ಲ.

9ನೇ ತಾರೀಖು ಎಲ್ಲವನ್ನೂ ಹೇಳುತ್ತೇನೆ. ಗೊತ್ತಿರಲಿಲ್ಲ ಎಂದು ಹೇಳುವುದಿಲ್ಲ.

ಅಕ್ಕ


ಸೆಪ್ಟೆಂಬರ್ 3

ಅಕ್ಕಾ,

ವಕೀಲಮ್ಮ ಹೊರಡಲು ನಿಂತಿದ್ದಾರೆ, ಗೋಡೆಗೆ ಹಾಳೆ ಒತ್ತಿ ಬರೆಯುತ್ತಿದ್ದೇನೆ.

ಹೇಳಬೇಡ. ಅಂಗಿ ಹಾಸಿದೆ ಎಂದಷ್ಟೇ ಹೇಳು, ಗೊತ್ತಿರಲಿಲ್ಲ ಎನ್ನು. ಚೀಟಿಯ ಮಾತು ಬಂದರೆ ಮರೆತೆ ಎನ್ನು. ಆ ಎರಡು ಅಂಗಿಗಳನ್ನು ಇವತ್ತೇ ಸುಟ್ಟುಹಾಕು. ತಾತ ಹೇಗೂ ಬಿಡುಗಡೆಯಾಗುತ್ತಾರೆ. ನೀನೂ ಒಳಗೆ ಬಂದರೆ ಯಾರಿಗೆ ಏನು ಸಿಕ್ಕಿತು?

ಅಕ್ಕನಿಗೆ ಮೋಸ ಮಾಡಿದೆ ಎಂದು ಏಳು ತಿಂಗಳಿಂದ ಕುಗ್ಗಿ ಹೋಗಿದ್ದೇನೆ. ನಿನ್ನನ್ನು ಕಾಪಾಡುತ್ತಿದ್ದೇನೆ ಎಂದು ಬೀಗಿದ್ದೂ ಇದೆ. ಎರಡನ್ನೂ ಓದಿಕೊಂಡು ನೀನು ಸುಮ್ಮನಿದ್ದೆ.

ಒಂದು ಕೇಳುತ್ತೇನೆ. ನಾನು ಹೆದರಿದ್ದೆ ಅಕ್ಕಾ. ಮೊದಲನೆಯ ಬುಧವಾರ ಮೆಟ್ಟಿಲ ಹತ್ತಿರದಿಂದ ಎರಡು ಸಲ ವಾಪಸ್ ಹೋಗಿ ಬಂದಿದ್ದೆ. ನಿನಗೆ ಗೊತ್ತಾಗುತ್ತದೆ, ಬೈಯುತ್ತೀಯ, ಅಲ್ಲಿಗೆ ಮುಗಿಯುತ್ತದೆ ಎಂದು ಅರ್ಧ ಮನಸ್ಸು ಕಾಯುತ್ತಿತ್ತು. ನೀನು ನಂಬಿದೆ ಎಂದುಕೊಂಡ ಮೇಲೆಯೇ ನನಗೆ ಧೈರ್ಯ ಬಂದದ್ದು. ನೀನು 'ಬೇಡ' ಎಂದಿದ್ದರೆ ನಾನು ಹೋಗುತ್ತಿರಲಿಲ್ಲ. ಮೂರು ಬುಧವಾರ ಇತ್ತು. ಯಾಕೆ ಹೇಳಲಿಲ್ಲ?

ಕರೆಯುತ್ತಿದ್ದಾರೆ.


ಅಕ್ಟೋಬರ್ 30

ಮೊದ್ದೂ,

ಎರಡು ತಿಂಗಳಾಯಿತು, ನಿನ್ನ ಕಾಗದವಿಲ್ಲ. ಬರೆಯಲಿಲ್ಲ ಎಂದು ದೂರುತ್ತಿಲ್ಲ. ಈ ಸಲವೂ ವಕೀಲಮ್ಮನೇ ತರುತ್ತಾರೆ, ಹೆಂಗಸರ ಜೈಲಿಗೂ ಅವರಿಗೆ ಬರಲು ಅಡ್ಡಿಯಿಲ್ಲವಂತೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲು ಅರ್ಜಿ ಹಾಕಬಹುದಾ ಎಂದು ಕೇಳಿದೆ. ಇಬ್ಬರಲ್ಲಿ ಒಬ್ಬರಾದರೂ ಹೊರಗಿರಬೇಕಂತೆ.

ತಾತ ಹೊರಗೆ ಹೋದರು. ನಾನು ಸಾಕ್ಷಿ ಹೇಳಿದ ದಿನವೇ ಅವರ ಮೇಲಿನ ಕೇಸು ಬಿದ್ದುಹೋಯಿತು. ಕೋರ್ಟಿನ ಹೊರಗೆ ಬೆಂಚಿನ ಮೇಲೆ ನನ್ನನ್ನು ಪೊಲೀಸರ ಜೊತೆ ಕೂರಿಸಿದ್ದರು. ತಾತ ಎದುರಿಗೆ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿರುತ್ತಿತ್ತು. 'ಹಾಗಾದ್ರೆ ಬ್ರೆಡ್ಡಿಂದ ಅಲ್ವಾ?' ಎಂದರು. 'ಅಲ್ಲ ತಾತ' ಎಂದೆ. 'ಸರಿ' ಎಂದು ಹೊರಟುಹೋದರು. ತಿರುಗಿ ನೋಡಲಿಲ್ಲ. ಗೇಟಿನಲ್ಲಿ ಈಗ ಬೇರೆಯವನಿದ್ದಾನಂತೆ, ಅವರು ಎಲ್ಲಿದ್ದಾರೋ ವಕೀಲಮ್ಮನಿಗೂ ಗೊತ್ತಿಲ್ಲ.

ನನ್ನ ಕೇಸು ಬೇಗ ಮುಗಿಯಿತು, ನಾನೂ ನಿನ್ನ ಹಾಗೆ ಒಪ್ಪಿಕೊಂಡೆ. ಹೋದ ವಾರ ತೀರ್ಪು. ಸಹಾಯ ಮಾಡಿದವಳೂ ಮಾಡಿದವನಷ್ಟೇ ಹೊಣೆ ಎಂದರು. ಮೂರು ವರ್ಷ, ನಿನ್ನಷ್ಟೇ. ನಿನಗಿಂತ ಒಂಬತ್ತು ತಿಂಗಳು ತಡವಾಗಿ ಬರುತ್ತೇನೆ. ಆ ಮನೆ ಬಿಟ್ಟುಕೊಟ್ಟಾಯಿತು, ನೀನು ಹೊರಗೆ ಬಂದಾಗ ಅಲ್ಲಿ ಹುಡುಕಬೇಡ.

'ಬೇಡ' ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದ್ದೆ. ಆ ಮಾತು ಮೂರು ಬುಧವಾರವೂ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ನೀನು ಮತ್ತೆ ನಾಲ್ಕು ವರ್ಷ ಬರುವುದಿಲ್ಲ ಎಂದು ನುಂಗಿಕೊಂಡೆ. ನೀನು ಬೈಗುಳಕ್ಕೇ ಕಾಯುತ್ತಿದ್ದೆ ಎಂದು ನನಗೆ ಗೊತ್ತಾಗಲಿಲ್ಲ. ನಿನ್ನನ್ನು ಎತ್ತಿ ಬೆಳೆಸಿದವಳು ನಾನು, ಅಷ್ಟು ಗೊತ್ತಾಗಬೇಕಿತ್ತು. ಆ ಒಂದು ಸಾಲನ್ನು ನೀನು ಬರೆದ ಮೇಲೆ ನನಗೆ ಯಾವ ಶಿಕ್ಷೆಯೂ ದೊಡ್ಡದು ಎನ್ನಿಸಲಿಲ್ಲ.

ಅಂಗಿಗಳನ್ನು ಸುಡಲಿಲ್ಲ. ಪೊಲೀಸರು ಪೆಟ್ಟಿಗೆಯಿಂದ ತೆಗೆದುಕೊಂಡು ಹೋದರು. ಶಿಕ್ಷೆ ಎಷ್ಟು ಎಂದು ವಾದಿಸುವ ದಿನ ಕೋರ್ಟಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಜಿನ ಮೇಲಿಟ್ಟಿದ್ದರು. ಒಂದು ನೀಲಿ, ಒಂದು ಕಾಲರ್ ಹರಿದದ್ದು. ಒಬ್ಬರಿಗೆ ಒಂದೇ ಅಂಗಿ, ಒಂದೇ ವಾರ, ಇದು ನಮ್ಮ ಪದ್ಧತಿ ಎಂದು ಮ್ಯಾನೇಜರ್ ಸಾಕ್ಷಿ ಹೇಳಿದರು. ನನ್ನ ಮುಖ ನೋಡಲಿಲ್ಲ. ಸರ್ಕಾರಿ ವಕೀಲ ಅದನ್ನೇ ಹಿಡಿದುಕೊಂಡ. ಉಳಿದ ಎರಡನ್ನು ಮುಂದಿನ ಕಳ್ಳತನಕ್ಕೆಂದು ಒಗೆಯದೆ ಜೋಪಾನ ಮಾಡಿದ್ದಾಳೆ, ಇದು ಒಂದು ದಿನದ ದುಡುಕಲ್ಲ ಎಂದ. ಕೇಳಿದವರಿಗೆ ನಿಜ ಎನ್ನಿಸಿರಬೇಕು, ನನಗೇ ಒಂದು ಕ್ಷಣ ಹಾಗೆನ್ನಿಸಿತು.

ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನೇ ಕೇಳಿದರು. 'ಒಂದು ಸಾಕು ಅಂತ ಗೊತ್ತಿತ್ತಲ್ಲ ಅಮ್ಮ. ಮತ್ತೆ ಮೂರು ಯಾಕೆ ತರಿಸಿದ್ರಿ?'

'ಅವನು ಊಟಕ್ಕೆ ಬರ್ಲಿ ಅಂತ ಸಾರ್' ಎಂದೆ.

ಹಿಂದೆ ಯಾರೋ ನಕ್ಕರು. ಟೈಪ್ ಮಾಡುತ್ತಿದ್ದ ಹೆಂಗಸು ಕೈ ನಿಲ್ಲಿಸಿ, 'ಇದನ್ನ ಹಾಕ್ಬೇಕಾ ಸಾರ್?' ಎಂದು ಕೇಳಿದಳು.

'ಬೇಡ, ಕೇಸಿಗೆ ಸಂಬಂಧ ಇಲ್ಲ' ಎಂದರು, ಮುಂದಿನ ಪ್ರಶ್ನೆಗೆ ಹೋದರು.

ಅಕ್ಕ